ಮೆಹರ್ ಖಾಲಾನ ಒಲೆಗಳು

ಯಾವ ಒಲೆಯನ್ನೇ ಆಗಲಿ, ಹೊತ್ತಿಸುವ ಮೊದಲು ಮೆಹರ್ ಖಾಲಾ ಅಂಗಳದ ನಡುವೆ ನಿಂತು ಸೆರಗಿನ ತುದಿಯನ್ನು ಎತ್ತಿ ಹಿಡಿಯುತ್ತಿದ್ದರು. ಸೆರಗು ಯಾವ ಕಡೆ ಹಾರುತ್ತದೆಂದು ನೋಡಿ, "ಇವತ್ತು ಗಾಳಿ ಸುಮ್ನ ಬಿಡೂದಿಲ್ಲ. ಗ್ವಾಡಿ ಮರಿಗಿ ಒಯ್ರಿ" ಎಂದರೆ ಮುಗಿಯಿತು. ರಾಯಚೂರಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರ ಗಂಡ ಒಲೆ ಎತ್ತಿಕೊಂಡು ಹೋಗಿ ಗೋಡೆಯ ಮರೆಗೆ ಇಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಮದುವೆಯಾಗಿ ಬಾಗಲವಾಡದಿಂದ ರಾಯಚೂರಿಗೆ ಬಂದೆ. ನಮ್ಮ ಮನೆಗೂ ಖಾಲಾ ಮನೆಗೂ ಅಂಗಳ ಒಂದೇ. ಖಾಲಾ ಎಂದರೆ ಚಿಕ್ಕಮ್ಮ; ಓಣಿಗೆಲ್ಲ ಅವರು ಚಿಕ್ಕಮ್ಮನೇ. ಮದುವೆಗೆ ಮುಂಚೆ ಹೈದರಾಬಾದಿನಲ್ಲಿ ಯಾರೋ ಕಲಿಸಿದ ವಿದ್ಯೆಯೊಂದನ್ನು ಅವರು ಇಲ್ಲಿಗೂ ತಂದಿದ್ದರು. ಮಾವಿನ ರಸಕ್ಕೆ ಸಕ್ಕರೆ, ನಿಂಬೆರಸ ಸೇರಿಸಿ ಕಾಯಿಸಿ, ದಪ್ಪ ಗಾಜಿನ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದು, ಆ ಬಾಟಲಿಗಳನ್ನು ಹಂಡೆಯ ನೀರಿನಲ್ಲಿ ಮುಳುಗಿಸಿ ಕುದಿಸುವುದು. ಹಾಗೆ ಕುದಿಸಿಟ್ಟ ರಸ ಮಳೆಗಾಲ ದಾಟಿದರೂ ಕೆಡುತ್ತಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಲ್ಲಿನ ಮನೆಯ ಅಡುಗೆಕೋಣೆಯಲ್ಲಿ ರೊಟ್ಟಿ ಬಡಿಯುವುದೇ ಸಾಹಸ. ಹಂಡೆ ಕುದಿಸುವ ಮಾತಂತೂ ದೂರ. ಹಾಗಾಗಿ ಈ ಕೆಲಸವೆಲ್ಲ ಅಂಗಳದಲ್ಲೇ. ಆದರೆ ಅಂಗಳದಲ್ಲಿ ಗಾಳಿ ಇತ್ತು.

ನಾನು ನೋಡಿದ ಮೊದಲ ಬೇಸಿಗೆಯಲ್ಲಿ ಖಾಲಾ ಹಂಡೆಯನ್ನು ಸೀಮೆಎಣ್ಣೆಯ ಪಂಪ್ ಸ್ಟವ್ ಮೇಲೆ ಇಟ್ಟಿದ್ದರು. ನೀರು ಚೆನ್ನಾಗಿಯೇ ಕುದಿಯುತ್ತಿತ್ತು. ಅಷ್ಟರಲ್ಲಿ ಬಿಸಿಗಾಳಿ ಬೀಸಿ ಉರಿ ಆರಿತು. ಮತ್ತೆ ಹಚ್ಚುವಷ್ಟರಲ್ಲಿ ಕುದಿ ನಿಂತಿತ್ತು.

"ಇನ್ನ ಸ್ವಲ್ಪ ಹೊತ್ತು ಇಟ್ರ ಆತಲ್ರಿ ಖಾಲಾ" ಎಂದೆ.

"ಸ್ವಲ್ಪ ಹೊತ್ತಲ್ಲ ಬೇಟಿ, ಮೊದಲಿಂದ. ಕುದಿ ನಿಂತ್ರ ಹೊತ್ತಿನ ಲೆಕ್ಕ ಹೊಸಾದು."

ಮೊದಲಿನಿಂದ ಕುದಿಸಿದರು. ಗಾಳಿ ಮತ್ತೆ ಆರಿಸಿತು. ಮೂರನೆಯ ಸಲ ಸ್ಟವ್‌ನಲ್ಲಿ ಎಣ್ಣೆಯೇ ಮುಗಿಯಿತು. ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಖಾಲಾ ಬಾಟಲಿಗಳನ್ನೆಲ್ಲ ಹೊರಗೆ ತೆಗೆದು, ಆರಿದ ಮೇಲೆ ಮುಚ್ಚಳ ಬಿಚ್ಚಿ, ಓಣಿಯ ಮನೆಮನೆಗೂ ಹೇಳಿಕಳಿಸಿದರು: "ಬಟ್ಲಾ ತಗೊಂಡು ಬರ್ರಿ." ಅವತ್ತು ಸಂಜೆ ಎಲ್ಲರ ಮನೆಯಲ್ಲೂ ಚಪಾತಿ, ಮಾವಿನ ರಸ. "ನಂಬಿಕಿ ಇಲ್ಲದ್ದು ಇವತ್ತs ಹೊಟ್ಟಿಗಿ ಹೋಗ್ಬೇಕು, ಕಪಾಟಿಗಲ್ಲ" ಎಂದು ತಾವೂ ಬಟ್ಟಲು ತುಂಬಾ ಹಾಕಿಕೊಂಡು ಕುಳಿತರು.

ಆಮೇಲೆ ಒಂದೊಂದೇ ಒಲೆಯ ಪರೀಕ್ಷೆ ನಡೆಯಿತು. ಇದ್ದಿಲ ಸಿಗಡಿ ಒಲೆಗೆ ಅಷ್ಟು ದೊಡ್ಡ ಹಂಡೆಯನ್ನು ಕುದಿಗೆ ತರುವ ಕಸುವಿರಲಿಲ್ಲ. ಕಟ್ಟಿಗೆಯ ಒಲೆಗೆ ಕಸುವಿತ್ತು, ಆದರೆ ಗಾಳಿ ತಿರುಗಿದಂತೆ ಉರಿ ಒಂದೇ ಮಗ್ಗುಲಿಗೆ ಬಾಗುತ್ತಿತ್ತು. ಹೊಗೆ ಪಕ್ಕದ ಮನೆಗೆ ನುಗ್ಗುತ್ತಿತ್ತು. ಅದೇ ವರ್ಷ ನಮ್ಮ ಮನೆಗೆ ಗ್ಯಾಸ್ ಬಂತು. ನನ್ನ ಯಜಮಾನರು ಹೆಮ್ಮೆಯಿಂದ ಹೊಸ ಒಲೆಯನ್ನು ಅಂಗಳಕ್ಕೆ ತಂದಿಟ್ಟು, "ಖಾಲಾ, ಇದರ ಮ್ಯಾಲ ಇಡ್ರಿ" ಎಂದರು.

ಖಾಲಾ ಬಗ್ಗಿ ಒಲೆಯ ತೆಳ್ಳನೆಯ ಕಾಲುಗಳನ್ನು ಹಿಡಿದು ಅಲ್ಲಾಡಿಸಿದರು. "ಛಲೋ ಅದ ಬೇಟಾ. ಚಾ ಕಾಸಾಕ, ಪಲ್ಯ ಮಾಡಾಕ ಛಲೋ ಅದ. ಈ ಹಂಡೆ ಭಾರಕ್ಕ ಇದರ ಕಾಲು ಮುರೀತಾವ. ಕುದಿಯೋ ನೀರಿನ ಸಂಗಡ ನಾ ಆಟ ಆಡೂದಿಲ್ಲ."

ಯಜಮಾನರ ಮುಖ ಸಣ್ಣದಾಯಿತು. ಖಾಲಾ ಅದೇ ಒಲೆಯ ಮೇಲೆ ಅವರಿಗೆ ಚಹಾ ಮಾಡಿಕೊಟ್ಟ ಮೇಲೆಯೇ ಅದು ಒಳಗೆ ಹೋಯಿತು.

ಅವರಿಗೆ ಬೇಕಾದ ಒಲೆ ಸಿಕ್ಕಿದ್ದು ಮಾನ್ವಿಯಲ್ಲಿ. ನೆಂಟರ ಮದುವೆಗೆ ಹೋದವರು ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಭತ್ತದ ಹೊಟ್ಟಿನಿಂದ ಉರಿಯುವ ತಗಡಿನ ಒಲೆ ನೋಡಿ, ಅಂಥವೇ ಎರಡು ಮಾಡಿಸಿಕೊಂಡು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ನಡುವೆ ತೂತು ಬಿಟ್ಟು ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಕೆಳಗಿನಿಂದ ಚಿಕ್ಕ ಕಟ್ಟಿಗೆಯಿಂದ ಹಚ್ಚಬೇಕು. ಮೊದಲು ಹೊಗೆ, ಆಮೇಲೆ ಒಂದೇ ಸಮನೆ ಕಾವು. ಬೆಂಕಿ ತಗಡಿನ ಡಬ್ಬಿಯ ಒಳಗೇ ಇರುವುದರಿಂದ ಗಾಳಿಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ಒಂದು ಹಂಡೆಯ ಕುದಿ ಮುಗಿಯುತ್ತಾ ಬಂದರೆ ಮುಂದಿನ ಹಂಡೆಗೆ ಇನ್ನೊಂದು ಒಲೆ ಪಕ್ಕದಲ್ಲಿ ತಯಾರು. ಖಾಲಾ ಮಾತ್ರ ಕುದಿ ಮುಗಿಯುವವರೆಗೂ ಹಂಡೆಯ ಹತ್ತಿರದಿಂದ ಕದಲುತ್ತಿರಲಿಲ್ಲ. ನಿಂತೇ ಇರುತ್ತಿದ್ದರು. ಯಾರಾದರೂ ಮಣೆ ತಂದಿಟ್ಟರೆ ಅದರ ಮೇಲೆ ಇಕ್ಕಳ ಇಡುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ನಾನು ಬಸುರಿ. ಮೊದಲ ಸಲದ ಬಸಿರು ಉಳಿದಿರಲಿಲ್ಲ. ಈ ಸಲ ಏನು ತಿಂದರೂ ವಾಂತಿ. ಕಣ್ಣುಗಳು ಒಳಗೆ ಹೋಗಿದ್ದವು. ನನ್ನ ಆರೈಕೆಗೆಂದು ದೇವದುರ್ಗದ ಹತ್ತಿರದ ಜಾಲಹಳ್ಳಿಯಿಂದ ಬಂದಿದ್ದ ಅತ್ತೆ ಹೆದರಿ ಕಂಗಾಲಾಗಿದ್ದರು. ಒಂದು ಮಧ್ಯಾಹ್ನ ಖಾಲಾ ಬಾಟಲಿ ಹಿಡಿದುಕೊಂಡು ಬಂದರು.

ಅತ್ತೆ ಬಾಗಿಲಲ್ಲೇ ತಡೆದರು. "ಯವ್ವಾ, ಬ್ಯಾಸಿಗ್ಯಾಗ ಮಾಡಿಟ್ಟದ್ದು ಬಸುರಿಗಿ ಕೊಡ್ತಾರೇನ್ರಿ? ಕೆಟ್ಟಿದ್ರ ಏನ್ ಗತಿ?"

"ನೀವು ಕೇಳೂದು ಬರೋಬರಿ ಅದ. ಕೇಳಬೇಕು" ಎಂದರು ಖಾಲಾ. ಮುಚ್ಚಳವನ್ನು ಅತ್ತೆಯ ಕಿವಿಯ ಹತ್ತಿರ ತಂದು ಬಿಚ್ಚಿದರು. ಟಪ್ ಎಂದು ಸದ್ದಾಯಿತು. "ಒಳಗ ಗಾಳಿ ಹೋಗಿಲ್ಲ. ಕುದಿ ಒಮ್ಮಿನೂ ನಿಂತಿಲ್ಲ. ನಾನs ನಿಂತು ನೋಡೀನಿ. ಹಂಗಿಲ್ದಿದ್ರ ಈಕಿ ಬಾಯಿಗಿ ತರ್ತಿದ್ನೇನು?" ಮೊದಲು ತಾವು ಒಂದು ಚಮಚ ತಿಂದರು. ಇನ್ನೊಂದನ್ನು ಅತ್ತೆಯ ಕಡೆಗೆ ಚಾಚಿದರು. ಅತ್ತೆ ಅದನ್ನು ಮೂಸಿ ನೋಡಿ ಬಾಯಿಗೆ ಹಾಕಿಕೊಂಡರು. ಆಮೇಲೆ ತಾವೇ ಬಟ್ಟಲು ತಂದು ನನ್ನ ಪಕ್ಕ ಕುಳಿತರು.

ಅವತ್ತು ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಆ ವಾರವೆಲ್ಲ ರಸ, ಅದರ ಜೊತೆ ಮೆಲ್ಲಗೆ ಮೆತ್ತನೆಯ ಅನ್ನ. ನನಗೆ ಹೆಣ್ಣುಮಗು ಹುಟ್ಟಿದಾಗ ಅತ್ತೆ ಮೊದಲು ಎತ್ತಿಕೊಂಡು ಹೋದದ್ದು ಖಾಲಾ ಮನೆಗೆ.

ಎಂಬತ್ತರ ದಶಕದಲ್ಲಿ ಯಜಮಾನರಿಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿ ನಾನೇ ಹೊಟ್ಟಿನ ಒಲೆ ಮಾಡಿಸಿ, ನಾನೇ ಹಂಡೆ ಇಡತೊಡಗಿದೆ. ಒಂದು ಬೇಸಿಗೆಯಲ್ಲಿ ಖಾಲಾ ನಮ್ಮನ್ನು ನೋಡಲು ಬಂದರು. ತೆಳ್ಳಗಾಗಿದ್ದರು, ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿದರು. ಅವತ್ತೇ ನನ್ನ ಹಂಡೆ ಒಲೆಯ ಮೇಲಿತ್ತು. ಅವರು ಬಂದು ತಪ್ಪು ಹುಡುಕುತ್ತಾರೆಂದು ನಾನು ಕಾಯುತ್ತಿದ್ದೆ.

"ಖಾಲಾ, ಒಮ್ಮಿ ಬಂದು ನೋಡ್ರಿ."

"ಕುದಿ ಇಲ್ಲಿಗೇ ಕೇಳಸಾಕತ್ತದ. ನೀ ನೋಡ್ಕೋ" ಎಂದು ನೆರಳಿನಲ್ಲಿ ಹಾಕಿದ್ದ ಹಗ್ಗದ ಹೊರಸಿನ ಮೇಲೆ ಒರಗಿದರು.

ಸಂಜೆಯ ಬಸ್ಸಿಗೆ ರಾಯಚೂರಿಗೆ ಹೋದರು. ಮಳೆಗಾಲ ಶುರುವಾಗುವ ಹೊತ್ತಿಗೆ ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಹಾಗಾಗಿ ನನ್ನ ಕಣ್ಣಲ್ಲಿ ಅವರು ಕೊನೆಗೆ ಉಳಿದದ್ದು ಆ ಹೊರಸಿನ ಮೇಲೆಯೇ: ಹಂಡೆ ಒಂದೇ ಸಮನೆ ಕುದಿಯುತ್ತಿತ್ತು, ಬಾಟಲಿಗಳು ಒಳಗೆ ಕಟಕಟ ಎನ್ನುತ್ತಿದ್ದವು, ಖಾಲಾ ನನಗೆ ಬೆನ್ನು ಮಾಡಿ ಗಾಢವಾಗಿ ನಿದ್ದೆ ಮಾಡುತ್ತಿದ್ದರು.