ಕಂಪ್ಯೂಟರಿಗೆ ಕಟ್ಟಿಸಿದ ಮಹಡಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾನಗಲ್ಲಿನ ಬಸ್ ನಿಲ್ದಾಣದ ರಸ್ತೆಯಲ್ಲಿರುವ ನನ್ನ ಅಂಗಡಿಯ ಕೌಂಟರಿನ ಮೇಲೆ ಎದುರಂಗಡಿಯ ಬೆಳಕು ಬಂದು ಬೀಳುತ್ತದೆ. ಒಮ್ಮೆ ಕೆಂಪು, ಒಮ್ಮೆ ಹಸಿರು, ಮರುಕ್ಷಣ ನೀಲಿ. ಮಾದರಿಗೆಂದು ನಾನು ಹರವಿಟ್ಟ ಮದುವೆ ಪತ್ರಿಕೆಗಳ ಮೇಲಿನ ಗಣಪತಿ ಆ ಬೆಳಕಿನಲ್ಲಿ ಊಸರವಳ್ಳಿಯಂತೆ ಬಣ್ಣ ಬದಲಿಸುತ್ತಾನೆ. ಬಿಟ್ಟಿ ಬಂದದ್ದನ್ನು ಬೇಡವೆನ್ನುವ ಜಾಯಮಾನ ನನ್ನದಲ್ಲ. ಹಾಗಿದ್ದೂ ಈ ಬಿಟ್ಟಿ ಬೆಳಕು ಬಿದ್ದಾಗಲೆಲ್ಲ ಯಾರೋ ನನ್ನ ಕಿಸೆಗೆ ಕೈ ಹಾಕಿದಂತಾಗುತ್ತಿತ್ತು.

ಬೆಳಕಿನ ಒಡೆಯ ಇಮ್ತಿಯಾಜ್. ಸವಣೂರಿನವನು, ನನಗಿಂತ ಕಿರಿಯ, ನನ್ನಂತೆಯೇ ಪತ್ರಿಕೆ, ಬ್ಯಾನರುಗಳನ್ನು ವಿನ್ಯಾಸ ಮಾಡಿಕೊಡುವವನು. ಊರಿಗೆ ಹೋಗಿ ಬಂದಾಗಲೆಲ್ಲ ನನಗೊಂದು ಪೊಟ್ಟಣ ಕುರುಕಲು ಖಾರ ತಂದುಕೊಡುತ್ತಾನೆ. ನಿಶ್ಚಿಂತೆಯಿಂದ ಮತ್ಸರಪಡಲು ಇದೊಂದು ದೊಡ್ಡ ಅಡಚಣೆ. ಅವನ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಗಾಜಿನ ಗೋಡೆ, ಒಳಗೆ ಬಣ್ಣ ಬಣ್ಣದ ಬೆಳಕು ಚೆಲ್ಲುವ ಪಂಖಗಳು. ನನ್ನದು ಕಂಪನಿಯಲ್ಲೇ ಜೋಡಿಸಿ ಕಳಿಸಿದ ಕರಿ ತಗಡಿನ ಡಬ್ಬಿ. ಕೆಲಸ ಎರಡರದೂ ಒಂದೇ. ಆದರೂ ತಿಳವಳ್ಳಿಯ ಬಸ್ಸಿಗೆ ಕಾಯುವವರು ಅವನ ಗಾಜಿನೆದುರು ನಿಲ್ಲುತ್ತಿದ್ದರು, ನಿಂತವರು ಪತ್ರಿಕೆಯ ದರ ಕೇಳುತ್ತಿದ್ದರು, ಕೇಳಿದವರು ಕುರ್ಚಿ ಎಳೆದು ಕೂಡುತ್ತಿದ್ದರು. ಅರಿಷಡ್ವರ್ಗಗಳ ಪಟ್ಟಿಯಲ್ಲಿ ಹಿರಿಯರು ಮಾತ್ಸರ್ಯವನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಅವರಿಗೆ ಎದುರಂಗಡಿ ಇದ್ದಿರಲಿಕ್ಕಿಲ್ಲ.

ನನ್ನ ಮಷಿನ್ನಿಗೂ ಗಾಜಿನ ಅರಮನೆ ಕೊಡಿಸುವುದೆಂದು ನಿಶ್ಚಯಿಸಿದೆ. ಹೆಂಡತಿ ಶಾರದಾ ಸಂಸಾರದ ಹಿತದೃಷ್ಟಿಯಿಂದ ಒಂದೇ ಮಾತು ಹೇಳಿದಳು: “ಅಷ್ಟು ಬೆಳಕು ಬೇಕಂದ್ರ ನಿಮ್ಮ ಹೊಟ್ಟ್ಯಾಗಿನ ಕಿಚ್ಚು ಸಾಕಲ್ರೀ, ಅಂಗಡಿ ತುಂಬ ಆಗ್ತೈತಿ.” ಇಮ್ತಿಯಾಜನೂ ಸುದ್ದಿ ಕೇಳಿ ರಸ್ತೆ ದಾಟಿ ಬಂದ. “ಅಣ್ಣಾರ, ಕಂಪನಿ ಮಷಿನ್ ಬಿಚ್ಚಬ್ಯಾಡ್ರಿ. ಅದರ ಸಾಮಾನು ಅದರ ಡಬ್ಬಿಗೇ ಕೂಡ್ತಾವ, ಬ್ಯಾರೆದಕ್ಕ ಕೂಡೂದಿಲ್ಲ.” ನಾನು ನಕ್ಕೆ. ಡಬ್ಬಿ ಇನ್ನೂ ಬಂದಿಲ್ಲ, ಇವನಿಗೆ ಆಗಲೇ ಹೊಟ್ಟೆಕಿಚ್ಚು ಎಂದು ಒಳಗೊಳಗೇ ಹಿಗ್ಗಿದೆ.

ವ್ಯಾಪಾರದಲ್ಲಿ ನನ್ನ ಗುರು ನಮ್ಮಪ್ಪ. ಮಾಸೂರಿನಿಂದ ಸುತ್ತಲಿನ ದನದ ಸಂತೆಗಳಿಗೆಲ್ಲ ಹೋಗಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದೇ ಎತ್ತಿನ ದರ ಮುಗಿಸುತ್ತಿದ್ದ ದಲಾಲಿ. ಅವನ ಮೊದಲ ಪಾಠ: ಎತ್ತು ಯಾವ ಕೆಲಸಕ್ಕೆ ಬೇಕೆಂದು ಮಾರುವವನ ಮುಂದೆ ಬಾಯಿ ಬಿಡಬಾರದು; ನಿನ್ನ ಗರಜು ತಿಳಿದರೆ ಅವನ ದರ ಏರುತ್ತದೆ. ಇದೇ ಸೂತ್ರದ ಮೇಲೆ ನಾನು ಅಂಗಡಿ ಕಟ್ಟಿದ್ದೇನೆ, ಕೇಳಿದವರಿಗೂ ಕೇಳದವರಿಗೂ ಇದನ್ನೇ ಉಪದೇಶಿಸಿದ್ದೇನೆ. ಹುಬ್ಬಳ್ಳಿಯ ಅಂಗಡಿಯವನು ಗಾಜಿನ ಕ್ಯಾಬಿನೆಟ್ ತೋರಿಸುತ್ತ, “ಯಾವ ಮಷಿನ್ನಿಗೆ ಹಾಕಾವ್ರದೀರಿ?” ಎಂದು ಕೇಳಿದಾಗ ನಾನು ಸಂತೆಯ ಮುಖ ಮಾಡಿಕೊಂಡು, “ಅದು ನಿನಗ್ಯಾಕೋ ತಮ್ಮಾ, ನೀ ದರ ಹೇಳು” ಎಂದೆ. ಅವನು ಇನ್ನೊಮ್ಮೆ ಕೇಳಿದ. ನಾನು ಇನ್ನಷ್ಟು ಬಿಗಿಯಾದೆ. ಕಡೆಗೆ ದರ ಇಳಿಸಿ, ಮೇಲೊಂದು ಮೌಸನ್ನೂ ಕಿತ್ತುಕೊಂಡು, ದಿಗ್ವಿಜಯಿಯಂತೆ ಬಸ್ಸು ಹತ್ತಿದೆ.

ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಶಸ್ತ್ರಕ್ರಿಯೆಗೆ ಕುಳಿತೆ. ಮಷಿನ್ನಿನ ಹೊಟ್ಟೆಯಲ್ಲಿ ತಿಳವಳ್ಳಿಯವರೊಬ್ಬರ ಮಗಳ ಮದುವೆ ಪತ್ರಿಕೆ ಇತ್ತು. ಮರುದಿನ ಮುದ್ರಣಕ್ಕೆ ಕಳಿಸುವ ಮಾತು ಕೊಟ್ಟಿದ್ದೆ, ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಮದರ್‌ಬೋರ್ಡು ಹೊಸ ಮನೆಯಲ್ಲಿ ಹೇಗೋ ಕೂತಿತು. ಆದರೆ ಎಲ್ಲಕ್ಕೂ ಕರೆಂಟು ಹಂಚುವ ಪೆಟ್ಟಿಗೆ ತನಗೆಂದು ಬಿಟ್ಟ ಜಾಗದಲ್ಲಿ ಕೂಡಲೊಲ್ಲದು. ಹಳೆಯ ಸ್ವಿಚ್ಚಿನ ತಂತಿಗಳೆಲ್ಲ ಒಂದೇ ಚಪ್ಪಟೆ ತಲೆಯಲ್ಲಿ ಕೂಡಿದ್ದರೆ, ಹೊಸದರವು ಬಿಡಿಬಿಡಿ. ಅವನ್ನು ಎಲ್ಲಿ ಸಿಕ್ಕಿಸುವುದೆಂದೇ ತಿಳಿಯದು. ಹಳೆಯ ಸ್ವಿಚ್ಚನ್ನು ಕಿತ್ತು ತರೋಣವೆಂದರೆ ಅದು ತಗಡಿನ ಮುಖಕ್ಕೇ ಅಂಟಿಕೊಂಡಿದೆ. ಇಮ್ತಿಯಾಜ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹುಬ್ಬಳ್ಳಿಯವನೂ ಇದನ್ನೇ ಹೇಳಲು ಹೊರಟಿದ್ದನೆಂಬುದು ಆಗ ಹೊಳೆಯಿತು.

ಅರಮನೆಯೇನೋ ಸಿದ್ಧ, ಅರಸನಿಗೆ ನಾಡಿಯಿಲ್ಲ. ಎದುರಿನವನನ್ನು ಕೂಗಬಹುದಿತ್ತು, ಜಂಬ ಒಪ್ಪಲಿಲ್ಲ. ವಧುವಿನ ತಂದೆಗೆ ಏನು ಹೇಳಲೆಂದು ಬೆವರುತ್ತ, ಕಡೆಗೆ ಖಾಲಿ ಕರಿ ಡಬ್ಬಿಯನ್ನು ಕೆಳಗಿಟ್ಟು, ಕರೆಂಟಿನ ಪೆಟ್ಟಿಗೆಯನ್ನು ಅದರ ಹಳೆಯ ಜಾಗಕ್ಕೇ ಮರಳಿಸಿ, ಆ ಡಬ್ಬಿಯ ನೆತ್ತಿಯ ಮೇಲೆ ಗಾಜಿನ ಅರಮನೆಯನ್ನು ಏರಿಸಿ, ತಂತಿಗಳನ್ನು ಹಿಂದಿನ ಕಿಂಡಿಯಿಂದ ಮೇಲಕ್ಕೆಳೆದು ಸಿಕ್ಕಿಸಿ, ಕೆಳಗಿನ ಹಳೆಯ ಸ್ವಿಚ್ಚನ್ನು ಒತ್ತಿದೆ. ಗುರ್ ಎಂದಿತು. ಪರದೆಯ ಮೇಲೆ ವಧುವಿನ ಹೆಸರು ಬಂದಾಗ ನನಗೇ ಮಗಳು ಹುಟ್ಟಿದಷ್ಟು ಸಂತೋಷವಾಯಿತು. ಪಂಖಗಳಲ್ಲಿ ಒಂದು ಮಾತ್ರ ಕೆಂಪಗೆ ಬೆಳಗಿತು, ಉಳಿದವಕ್ಕೆ ತಂತಿ ಸಾಲಲಿಲ್ಲ.

ಮರುದಿನ ಪತ್ರಿಕೆ ಮುದ್ರಣಕ್ಕೆ ಹೋಯಿತು. ಅಷ್ಟೇ ಅಲ್ಲ, ಬಸ್ಸಿಗೆ ಕಾಯುವವರು ಮಹಡಿ ಏರಿದ ಈ “ಮಾಡಿ ಮನಿ ಕಂಪ್ಯೂಟರ್” ನೋಡಲು ನನ್ನ ಕೌಂಟರಿಗೆ ಬಂದರು. ಇಮ್ತಿಯಾಜನೂ ಖಾರದ ಪೊಟ್ಟಣ ಹಿಡಿದು ಬಂದು, ಅದನ್ನು ಎಲ್ಲ ದಿಕ್ಕಿನಿಂದ ನೋಡಿದ. “ಕಾದು ಬಿಸಿ ಆಗೂ ಸಾಮಾನು ಕೆಳಗ ಬ್ಯಾರೇನ ಇಟ್ಟೀರಿ! ನನ್ನ ಮಷಿನ್ ಬ್ಯಾಸಗ್ಯಾಗ ರೊಟ್ಟಿ ಹಂಚು ಆಗ್ತೈತ್ರಿ. ಭಾರೀ ಡೋಕಿ ಅಣ್ಣಾರ ನಿಮ್ದು, ಎಂಥಾ ತಲಿ ಓಡಿಸೀರಿ!”

“ಡೋಕಿ ಅಲ್ಲೋ ಮಾರಾಯಾ, ಫಜೀತಿ. ನಿಂದು ಚಲೋ ಐತಿ, ಬಿಚ್ಚಬ್ಯಾಡ.”

“ಹೂಂ, ಹೇಳಾಕ ಮನಸ್ಸಿಲ್ಲಂದ್ರ ಬಿಡ್ರಿ,” ಎಂದು ನಕ್ಕು ಹೋದ. ಆ ನಗೆಯ ಗುರುತು ನನಗಿತ್ತು. ಅವನ ಎಚ್ಚರಿಕೆಗೆ ನಾನು ನಕ್ಕದ್ದು ಇದೇ ನಗೆ. ಹೊಟ್ಟೆ ಉರಿಯುವವನಿಗೆ ಬುದ್ಧಿಮಾತೂ ಬಚ್ಚಿಟ್ಟ ಗುಟ್ಟಿನಂತೆ ಕೇಳಿಸುತ್ತದೆ. ಜೀವನವೆಲ್ಲ ಸಲಹೆ ಹಂಚಿದವನು ನಾನು. ಅವುಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದೊಂದು ಹೀಗೆ ಸೋತುಹೋಯಿತು.

ಮುಂದಿನ ಭಾನುವಾರ ಸಂಜೆ ನನ್ನ ಗಣಪತಿ ಬಣ್ಣ ಬದಲಿಸಲಿಲ್ಲ. ಎದುರಿಗೆ ಶಟರ್ ಅರ್ಧ ಇಳಿದಿತ್ತು, ಒಳಗೆ ಕತ್ತಲು. ಯಾವ ಕತ್ತಲನ್ನು ನಾನು ಬಯಸಿದ್ದೆನೋ ಅದೇ ಬಂದಿತ್ತು, ಆದರೆ ನೋಡಿ ಸುಖಪಡಲಾಗಲಿಲ್ಲ. ನನ್ನ ಒಂಟಿ ಪಂಖದ ಕೆಂಪು ಬೆಳಕು ರಸ್ತೆ ದಾಟಿ ಅವನ ಹೊಸ್ತಿಲ ಮೇಲೆ ತೆಳ್ಳಗೆ ಬಿದ್ದಿತ್ತು. ಸ್ಕ್ರೂಡ್ರೈವರು ಹಿಡಿದು ಅದರ ಹಿಂದೆಯೇ ನಡೆದೆ.

ಶಟರ್ ಕೆಳಗೆ ಬಗ್ಗಿ ನೋಡಿದರೆ, ಮೊಬೈಲಿನ ಬೆಳಕಿನಲ್ಲಿ ಇಮ್ತಿಯಾಜ್, ನನ್ನದರಂತೆ ಮಹಡಿ ಕಟ್ಟಲೆಂದು, ತನ್ನ ಮಷಿನ್ ಬಿಚ್ಚಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಮನೆಯಿಂದ ತಂದ ಮಸಾಲೆ ಡಬ್ಬಿ. ಅದರ ಒಂದೊಂದು ಬಟ್ಟಲಿನಲ್ಲಿ ಒಂದೊಂದು ಅಳತೆಯ ಸ್ಕ್ರೂ. ನನ್ನ ಸ್ಕ್ರೂಗಳು ಇವತ್ತಿಗೂ ಕಪಾಟಿನ ಕೆಳಗೆ ಎಲ್ಲೋ ಉರುಳಿ ಬಿದ್ದಿವೆ.

“ಸರಿ, ಸರದು ಕೂಡು,” ಎಂದು ಅವನ ಪಕ್ಕದಲ್ಲಿ ಕುಳಿತೆ. ಕೈ ಕೆಲಸಕ್ಕೆ ತೊಡಗಿತು. ಕಣ್ಣು ಮಾತ್ರ ಆ ಮಸಾಲೆ ಡಬ್ಬಿಯನ್ನು ಬಿಟ್ಟು ಕದಲಲಿಲ್ಲ.