ಎಡಗೈಗೆ ಸಿಕ್ಕ ಬ್ಯಾಟು

ಆ ದಿನಗಳಲ್ಲಿ ಲಂಡನ್ನಿನ ಈಸ್ಟ್ ಹ್ಯಾಮಿನ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ವೇಳೆಯಿತ್ತು. ಶಾಲೆಯಿಂದ ಬಂದು ಶೂ ಬಿಚ್ಚಿ, ಕೈಕಾಲು ತೊಳೆದು, ಮಗ್ಗಿ ಒಪ್ಪಿಸಿ, ಆಮೇಲೆ ಆಟ. ಅಪ್ಪಯ್ಯ ಇಡೀ ದಿನ ಹೋಟೆಲಿನ ಅಡುಗೆಮನೆಯಲ್ಲಿ. ಶಿಸ್ತೆಲ್ಲ ಕುಂದಾಪುರದವಳಾದ ಅಮ್ಮನದು. ಉಣ್ಣುವುದು, ಬರೆಯುವುದು, ಕೊಡುವುದು ಎಲ್ಲ ಬಲಗೈಯಲ್ಲೇ. "ಹೆಣೆ, ಎಡಗೈಯಗೆ ಕೊಡುಕಾಗ!" ಎಂದು ದಿನಕ್ಕೊಮ್ಮೆಯಾದರೂ ಗದರುತ್ತಿದ್ದಳು.

ನಮ್ಮ ಶಾಲೆಯ ಹುಡುಗಿಯರು ಬೇಸಿಗೆಯಲ್ಲಿ ರೌಂಡರ್ಸ್ ಆಡುತ್ತಿದ್ದರು. ಬೇಸ್‌ಬಾಲಿನ ತಂಗಿಯಂಥ ಆಟ. ಮೊಳದುದ್ದದ ಬ್ಯಾಟನ್ನು ಒಂದೇ ಕೈಯಲ್ಲಿ ಹಿಡಿದು ಚೆಂಡು ಹೊಡೆದು, ನಾಲ್ಕು ಕಂಬ ಸುತ್ತಿ ಓಡಬೇಕು. ಹೊಡೆಯುವವಳ ಹಿಂದೆ ನಿಂತು, ತಪ್ಪಿ ಬಂದ ಚೆಂಡು ಹಿಡಿಯುವುದು ನನ್ನ ಕೆಲಸ. ಒಂದೂ ಜಾರುತ್ತಿರಲಿಲ್ಲ. ಅದನ್ನು ನೋಡಿ ಆಟದ ಮಿಸ್, ಹನ್ನೊಂದು ವರ್ಷದ ನನ್ನನ್ನು ಒಮ್ಮೆಲೇ ದೊಡ್ಡ ಹುಡುಗಿಯರ ತಂಡಕ್ಕೆ ಹಾಕಿಬಿಟ್ಟರು.

ಹಿಡಿಯುವುದೇನೋ ಸರಿ. ಹೊಡೆಯಲು ನಿಂತರೆ ಬ್ಯಾಟು ಒಂದು ಕಡೆ, ಚೆಂಡು ಇನ್ನೊಂದು ಕಡೆ.

"ಬಂದಳಪ್ಪ ನಮ್ಮ ಫ್ಯಾನು! ಎಲ್ಲ ಕಾರ್ಡಿಗನ್ ಹಾಕ್ಕೊಳ್ಳಿ, ಗಾಳಿ ಬೀಸುತ್ತೆ!" ಎಂದು ತಂಡದ ನಾಯಕಿ ಟ್ರೇಸಿ ಕೂಗುತ್ತಿದ್ದಳು.

ಶುಕ್ರವಾರದ ಪಂದ್ಯದಲ್ಲೂ ಹೊಡೆಯದಿದ್ದರೆ ತಂಡದಿಂದ ಹೊರಗೆ ಎಂದರು ಮಿಸ್.

ಪಂದ್ಯದ ಹಿಂದಿನ ಸಂಜೆ ಅಮ್ಮ ಕೇಳಿದಳು, "ಎಂತಾಯ್ತ್ ಹೆಣೆ? ಮುಖ ಎಂತಕ್ಕೆ ಸಪ್ಪೆ?" ಹೇಳಿದೆ. ಸೆರಗು ಸಿಕ್ಕಿಸಿ, ಸಣ್ಣ ಆಲೂಗಡ್ಡೆಗಳನ್ನು ಬುಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ಬಂದಳು. ನನ್ನ ಕೈಗೆ ಲಟ್ಟಣಿಗೆ. "ನಾನ್ ಬಿಸಾಕ್ತೆ, ನೀನ್ ಹೊಡಿ."

ಒಂದೂ ತಗಲಲಿಲ್ಲ. ಕೊನೆಗೆ ಒಂದು ಆಲೂಗಡ್ಡೆ ಅವಳ ಕೈ ತಪ್ಪಿ, ನನ್ನ ಎಡಗಡೆಯಿಂದ ಕಿಟಕಿಯತ್ತ ಹಾರಿತು. ಗಾಜು ಒಡೆಯುತ್ತದೆಂಬ ಗಾಬರಿಯಲ್ಲಿ ಲಟ್ಟಣಿಗೆ ಎಡಗೈಗೆ ಹೇಗೆ ಹೋಯಿತೋ ತಿಳಿಯದು. ಫಟ್! ಆಲೂಗಡ್ಡೆ ಬೇಲಿ ದಾಟಿತು. "ಚಿಪ್ಸ್ ಯಾವಾಗ ಬರುತ್ತೆ?" ಎಂದು ಪಕ್ಕದ ಮನೆಯ ಮುದುಕ ಆಚೆಯಿಂದ ಕೇಳಿದ.

ಅಮ್ಮ ನಗಲಿಲ್ಲ. ನನ್ನ ಎಡಗೈಯನ್ನೇ ನೋಡಿದಳು. ನಾನು ಮಗುವಾಗಿದ್ದಾಗ ಊಟದ ಹೊತ್ತಿಗೆ, ಅದರಲ್ಲಿ ಉಣ್ಣದಿರಲೆಂದು ಆ ಕೈಗೆ ಬಟ್ಟೆ ಸುತ್ತುತ್ತಿದ್ದಳಂತೆ, ಅಂದೇ ಹೇಳಿದ್ದು. ಇನ್ನೊಂದು ಆಲೂಗಡ್ಡೆ ಎತ್ತಿಕೊಂಡು, "ನಾಳೆ ಈ ಕೈಯಗೇ ಹೊಡಿ. ಚೆಂಡ್ ಎಂತ, ಪ್ರಸಾದ್ವಾ?" ಎಂದಳು.

ಶುಕ್ರವಾರ ಬ್ಯಾಟು ಎಡಗೈಗೆ ಬಂತು. ಮೊದಲು ತಪ್ಪಿತು. ಆಮೇಲೆ ತಗಲಿತು, ಅಷ್ಟೇ. ಎರಡನೇ ಕಂಬದ ಹತ್ತಿರ ಔಟಾದೆ. ಆದರೂ ಟ್ರೇಸಿ ಈ ಸಲ ಗೇಲಿ ಮಾಡದೆ ಚಪ್ಪಾಳೆ ಹೊಡೆದಳು.

ಮಿಸ್ ಪಕ್ಕಕ್ಕೆ ಕರೆದರು. "ನಿನ್ನನ್ನು ಬೇಗ ಮೇಲಕ್ಕೆ ತಂದೆ. ಈ ಕೈ ಈಗ ತಾನೇ ಹುಟ್ಟಿದೆ. ಒಂದು ವರ್ಷ ನಿನ್ನ ವಯಸ್ಸಿನವರ ಜೊತೆ ಆಡು."

ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ. ಎಲ್ಲ ಕೇಳಿ ಅಮ್ಮ ಒಲೆಯ ಮುಂದಿನಿಂದಲೇ ಅಂದಳು, "ಈ ಊರಗೆ ಹಪ್ಪಳ ಒಣಗುಕೇ ವಾರ ಹಿಡಿತ್. ಕೈಗೆ ಒಂದ್ ವರ್ಷ ಕೊಡ್."

ಕೊಟ್ಟೆ. ಕೊಯ್ದ ಹುಲ್ಲಿನ ವಾಸನೆ, ಕಿತ್ತಳೆ ಸ್ಕ್ವಾಷು, ಸೋತರೂ ನಗುವ ಗೆಳತಿಯರು. ಮುಂದಿನ ಬೇಸಿಗೆಗೆ ಮಿಸ್ ಮತ್ತೆ ಕರೆದಾಗ ಹೆದರಿಕೆಯಿಲ್ಲದೆ ಹೋದೆ.

ಈಗ ಆ ಮೈದಾನದಲ್ಲಿ ಫ್ಲ್ಯಾಟುಗಳಿವೆ. ಅಮ್ಮನೂ ಇಲ್ಲ. ಲಂಡನ್ನಿನ ಆಚೆ ತುದಿಯ ಹ್ಯಾರೋದಲ್ಲಿ ಕ್ರಿಕೆಟ್ ಆಡುವ ನನ್ನ ಮೊಮ್ಮಗಳಿಗೆ ಒಳ್ಳೆಯ ಬೂಟು, ಕೋಚು, ಪ್ರತಿ ಹೊಡೆತದ ವಿಡಿಯೊ, ಎಲ್ಲ ಇದೆ. ಅವಳಿಗೆ ಕೊಡಲು ಒಂದು ವರ್ಷ ಮಾತ್ರ ಯಾರ ಬಳಿಯೂ ಇಲ್ಲ. ಮೊನ್ನೆ ಅವಳನ್ನು ದೊಡ್ಡವರ ತಂಡಕ್ಕೆ ಆರಿಸಿದರೆಂದು ಎಲ್ಲರೂ ಕುಣಿಯುತ್ತಿದ್ದಾಗ ಅವಳು ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ಕ್ಯಾನ್ ಐ ಸೇ 'ನಾಟ್ ಯೆಟ್'?"

"ಹೇಳು," ಎಂದೆ. "ನಾನೂ ಜೊತೆಗೆ ಬರ್ತೆ."