ಕಾಲು ಒತ್ತಿ ನೋಡುತ್ತಿದ್ದ ನರ್ಸಬಾಯಿ

ಇಚಲಕರಂಜಿಯ ನಮ್ಮ ಮಗ್ಗದ ಓಣಿಗೆ ಮಕ್ಕಳಾಗದ ಗುಳಿಗೆ ಕೊಡಲು ಬರುತ್ತಿದ್ದ ನರ್ಸಬಾಯಿ ಚಪ್ಪಲಿ ಬಿಟ್ಟು ನೆಲದ ಮೇಲೇ ಕೂರುತ್ತಿದ್ದಳು. ಗುಳಿಗೆ ಆಗ ಹೊಸದು. ಮೊದಲು ನನ್ನ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ, "ಏನಾಗೇತಿ ಹೇಳ, ಮುಚ್ಚಬ್ಯಾಡ" ಎನ್ನುತ್ತಿದ್ದಳು. ಓಕರಿಕೆ ಎಂದರೆ, ಉಂಡು ಮಲಗುವಾಗ ನುಂಗು ಎನ್ನುತ್ತಿದ್ದಳು.

ನಾಲ್ಕನೆಯ ಹೆರಿಗೆಯಲ್ಲಿ ನಾನು ಸಾಯುವುದೊಂದು ಬಾಕಿ ಇತ್ತು. ಇನ್ನೊಂದು ಹೆತ್ತರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಗುಳಿಗೆ ಶುರುಮಾಡಿದ ತಿಂಗಳೇ, ಎರಡು ಮುಟ್ಟಿನ ನಡುವೆ, ಸೀರೆಗೆ ರಕ್ತದ ಕಲೆ ಬಿತ್ತು. ಅತ್ತೆ ಅದನ್ನು ಮುಟ್ಟೆಂದು ತಿಳಿದು ನನ್ನನ್ನು ಮತ್ತೆ ಮೂಲೆಗೆ ಕೂರಿಸಿದರು.

"ತಿಂಗಳಿಗೆ ಎರಡ ಸಲ ಮೂಲ್ಯಾಗ ಕುಂತ್ರ ರೊಟ್ಟಿ ಯಾರ ಬಡೀಬೇಕ್ರಿ, ಬಾಯಾರ? ಗುಳಗಿ ಒಲ್ಯಾಗ ಹಾಕ್ತೇನಿ" ಅಂದರು ಅತ್ತೆ, ನರ್ಸಬಾಯಿ ಬಂದು ಕೂತಾಗ.

ನರ್ಸಬಾಯಿ ಎದ್ದು ಬಂದು ನನ್ನ ಚಾಪೆಯ ಮೇಲೆ, ನನಗೆ ತಾಗಿಯೇ ಕುಳಿತಳು.

"ನನಗೂ ಮೈಲಿಗಿ ಆತು. ಚಾ ಇಲ್ಲೇ ಕೊಡ್ರಿ, ಆಯಿ. ಇದು ಮುಟ್ಟಲ್ರಿ. ಮೈಗೆ ಗುಳಗಿ ಹೊಂದೂಮಟಾ ಎರಡ ಮೂರ ತಿಂಗಳ ಹಿಂಗ ಕಲಿ ಬೀಳತಾವು. ನಡುವ ಬಿಟ್ರ ಬಸುರಾಗ್ತಾಳ. ಒಂದ ಕಾಲ ಬಾತು ನೋವಾದ್ರ, ಎದಿ ಹಿಡದ್ರ ಮಾತ್ರ ರಕ್ತ ಹೆಪ್ಪುಗಟ್ಟಿರಬೇಕು, ನಿಲ್ಲಿಸಿ ಓಡಿ ಬರ್ರಿ."

ಅತ್ತೆ ಎದ್ದು ಚಹಾಕ್ಕೆ ಇಟ್ಟರು. ಆಮೇಲೆ ಚಹಾ ತಂದು, ದೂರ ಇಡದೆ, ಅವಳ ಕೈಗೇ ಕೊಟ್ಟರು. ನನಗೆ, "ಏಳ, ರೊಟ್ಟಿ ಬಡಿ" ಅಂದರು.

ಐದನೆಯದು ಹುಟ್ಟಲಿಲ್ಲ, ನಾನು ಸಾಯಲಿಲ್ಲ. ಈಗ ಮೊಮ್ಮಗಳು ಗುಳಿಗೆ ನುಂಗುತ್ತಾಳೆ. ಅವಳು ಮನೆಗೆ ಬಂದರೆ ನನ್ನ ಹೆಬ್ಬೆರಳು ಮೊದಲು ಹೋಗುವುದು ಅವಳ ಮೀನಖಂಡಕ್ಕೆ.